ಹಸಿರಿನ ಮುಂದೆ ಹಸಿರು

ರಘುವೀರ ಒಂದು ಕಡೆ ಕುಳಿತದ್ದನ್ನು ನೋಡಿದವರು ವಾಡಿಯಲ್ಲಿ ಕಡಿಮೆ. ಊಟಕ್ಕೆ ಕುಳಿತರೆ ಸಾರು ಬಡಿಸುವಷ್ಟರಲ್ಲಿ ಒಮ್ಮೆ ಎದ್ದು ಬಾಗಿಲತನಕ ಹೋಗಿ ಬರುತ್ತಿದ್ದ. ಬಸ್ಸು ಅರ್ಧ ಖಾಲಿ ಇದ್ದರೂ ಬಾಗಿಲ ಕಂಬಿ ಹಿಡಿದು ನಿಂತುಕೊಂಡೇ ಚಿತ್ತಾಪುರ ಮುಟ್ಟುತ್ತಿದ್ದ. ಸೀಟು ತೋರಿಸಿ ತೋರಿಸಿ ಬೇಸತ್ತ ಕಂಡಕ್ಟರುಗಳು ಇವನ ಗೊಡವೆಯನ್ನೇ ಬಿಟ್ಟಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ತಾಯಿ ಭಾಮಾಬಾಯಿ ಬೈಯುತ್ತಿದ್ದರು. ಅಂಥವನು ಹೊಟ್ಟೆಪಾಡಿಗೆ ಆರಿಸಿಕೊಂಡದ್ದು, ದಿನವಿಡೀ ಕಂಪ್ಯೂಟರಿನ ಮುಂದೆ ಕೂರಬೇಕಾದ ವಿಡಿಯೋ ಮಿಕ್ಸಿಂಗ್ ಕೆಲಸ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು.

ತಂದೆ ಪಾಂಡುರಂಗಾಚಾರ್ಯರು ಚಿತ್ತಾಪುರದ ಹೈಸ್ಕೂಲಿನಲ್ಲಿ ಮಾಸ್ತರರು. ಮಗ ಪಿಯುಸಿ ಮುಗಿಸಿ ಗುಮಾಸ್ತನ ಪರೀಕ್ಷೆಗೆ ಕೂರಲಿ ಎಂಬುದು ಅವರ ಆಸೆ. ಅದರಲ್ಲೂ 'ಕೂರಲಿ' ಎಂಬುದೇ ಎಡವಟ್ಟಾಯಿತು. ತೊಂಬತ್ತಮೂರನೇ ಇಸವಿಯಲ್ಲಿ ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಲೆಂದು ಶಹಾಬಾದಿನ ಖಾಜಾಮಿಯಾನ ಸ್ಟುಡಿಯೋಕ್ಕೆ ಹೋದ ಹುಡುಗ ಅರ್ಜಿಯನ್ನು ಮರೆತು ಅಲ್ಲೇ ಉಳಿದ. ಖಾಜಾಮಿಯಾ ಹೆಗಲ ಮೇಲೆ ಇಟ್ಟುಕೊಳ್ಳುವ ದೊಡ್ಡ ಕ್ಯಾಮೆರಾದಲ್ಲಿ ಮದುವೆಗಳನ್ನು ತೆಗೆಯುತ್ತಿದ್ದ. ಮದುಮಕ್ಕಳ ಮುಖವನ್ನು ಗುಲಾಬಿ ಹೂವಿನೊಳಗೆ ಕೂರಿಸಿ ಕ್ಯಾಸೆಟ್ಟು ಮಾಡಿ ಕೊಡುತ್ತಿದ್ದ. ಎಂಟು ವರ್ಷ ರಘುವೀರ ಅವನ ಲೈಟು ಹಿಡಿದ, ವೈರು ಸುತ್ತಿದ, ಕೊನೆಗೆ ಕ್ಯಾಮೆರಾವನ್ನೂ ಹೊತ್ತ. ಮದುವೆ ಮನೆಯಲ್ಲಿ ಓಡಾಡುವ ಕೆಲಸ ಅವನ ಮೈಗೆ ಹೇಳಿ ಮಾಡಿಸಿದಂತಿತ್ತು. ಮಿಕ್ಸಿಂಗಿಗೆ ಕುಳಿತಾಗ ಮಾತ್ರ ಖಾಜಾಮಿಯಾನಿಂದ ದಿನಾ ಬೈಗುಳ.

"ಫರಸಿ ಕಲ್ಲು ಇರಲಿ, ಚಿತ್ರ ಇರಲಿ, ಕೆಲಸ ಎಲ್ಲಾ ಅಂಚಿನ್ಯಾಗ ಅದ ಬೇಟಾ. ನಡುವ ಎಲ್ಲಾರಿಗೂ ಬರ್ತದ" ಎನ್ನುತ್ತಿದ್ದ ಖಾಜಾಮಿಯಾ. ಅವನ ಅಪ್ಪ ಶಹಾಬಾದಿನ ಕಲ್ಲಿನ ಗಣಿಯಲ್ಲಿ, ನೆಲಕ್ಕೆ ಹಾಸುವ ಫರಸಿಯ ಅಂಚು ಒಡೆಯುತ್ತಿದ್ದವನು. ರಘುವೀರನಿಗೆ ನಡುವೆ ಚೆನ್ನಾಗಿ ಬರುತ್ತಿತ್ತು. ಅಂಚಿಗೆ ಬರುವಷ್ಟರಲ್ಲಿ ಕಾಲು ಕುಣಿಯಲು ಶುರುವಾಗಿ, 'ಇಷ್ಟು ಸಾಕು' ಎಂದು ಎದ್ದುಬಿಡುತ್ತಿದ್ದ.

ಎರಡು ಸಾವಿರದ ಒಂದರಲ್ಲಿ ವಾಡಿ ಸ್ಟೇಷನ್ ರಸ್ತೆಯಲ್ಲಿ ತಾಯಿಯ ಹೆಸರಲ್ಲಿ 'ಭಾಮಾ ವಿಡಿಯೋ' ಎಂದು ಸ್ವಂತ ಅಂಗಡಿ ಹಾಕಿದ. ಎರಡು ವರ್ಷಕ್ಕೆ ಹೈದರಾಬಾದಿನಿಂದ ಹಳೆಯ ಕಂಪ್ಯೂಟರು ಬಂತು. ಅದರೊಳಗೆ ಒಂದು ಸಣ್ಣ ಎಡಿಟಿಂಗ್ ಸಾಫ್ಟ್‌ವೇರು, ಅದರೊಳಗೆ ಒಂದು ಚಮತ್ಕಾರ. ಹಸಿರು ಬಟ್ಟೆ ಕಟ್ಟಿ, ಅದರ ಮುಂದೆ ಜನರನ್ನು ನಿಲ್ಲಿಸಿ ಶೂಟಿಂಗ್ ಮಾಡಬೇಕು. ಆಮೇಲೆ ಕಂಪ್ಯೂಟರಿಗೆ ಹಸಿರನ್ನು ತೋರಿಸಿ ಇದನ್ನು ತೆಗೆ ಎಂದರೆ ಹಸಿರು ಇದ್ದಲ್ಲೆಲ್ಲ ತೂತು ಬೀಳುತ್ತದೆ. ತೂತಿನ ಹಿಂದೆ ಕಾಶ್ಮೀರ ಇಟ್ಟರೆ ಕಾಶ್ಮೀರ, ತಾಜಮಹಲು ಇಟ್ಟರೆ ತಾಜಮಹಲು. ಸಿಮೆಂಟಿನ ಧೂಳು ಕುಡಿಯುವ ವಾಡಿಯ ಜನಕ್ಕೆ ಇದು ಭಾರಿ ಹಿಡಿಸಿತು. ಆದರೆ ಚಮತ್ಕಾರಕ್ಕೂ ಅಂಚು ಇತ್ತಲ್ಲ. ಲಾಲ್ ಅಹ್ಮದನ ಮಗಳ ಮದುವೆಯಲ್ಲಿ ಹುಡುಗಿಯ ಕೂದಲ ಸುತ್ತ ಹಸಿರು ಗೆರೆ ಉಳಿದು, ಹಿಮದ ಬೆಟ್ಟದ ಮುಂದೆ ಪಾಚಿ ಕಟ್ಟಿದ ಹುಡುಗಿ ನಿಂತಂತೆ ಕಂಡಿತು. ಲಾಲ್ ಅಹ್ಮದ್ ದೊಡ್ಡ ಮನಸ್ಸಿನವನು, ನಕ್ಕು ಬಿಟ್ಟ. ರಘುವೀರನೂ ನಕ್ಕು ಬಿಟ್ಟ. ಆಗ ನಗದೇ ಇದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ.

ಮುಂದಿನದು ನಡೆದದ್ದು ಎರಡು ಸಾವಿರದ ನಾಲ್ಕರ ನವೆಂಬರಿನಲ್ಲಿ, ತೊಗರಿ ಹೂ ಬಿಟ್ಟಿದ್ದ ಕಾಲದಲ್ಲಿ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ರಮೇಶಕುಮಾರ ಎಂಬವನು ಅಂಗಡಿಗೆ ಬಂದು, ತನ್ನ ಬಸುರಿ ಹೆಂಡತಿಯ ಕುಬಸದ ಕಾರ್ಯವನ್ನು, ಅಂದರೆ ಸೀಮಂತವನ್ನು, ವಿಡಿಯೋ ಮಾಡಿಕೊಡಬೇಕು ಎಂದ. ಊರು ಸೇಡಂ ತಾಲ್ಲೂಕಿನ ಆಡಕಿ. ಹೆಂಡತಿ ಜಯಮಾಲಾಗೆ ಮೊದಲು ಎರಡು ಸಲ ಬಸಿರು ನಿಂತು, ಒಂದು ಐದು ತಿಂಗಳಿಗೆ, ಇನ್ನೊಂದು ಏಳು ತಿಂಗಳಿಗೆ ಹೋಗಿದ್ದವು. ಈ ಸಲ ಒಂಬತ್ತಕ್ಕೆ ಬಿದ್ದಿತ್ತು. ಈ ಖುಷಿ ಕಣ್ಣಿಗೆ ಕಾಣುವಂತೆ ಉಳಿಯಬೇಕು, ಹಿಂದೆ ಏನಾದರೂ ಚಂದದ್ದು ಹಾಕಿಕೊಡಿ ಎಂದು ರಮೇಶಕುಮಾರ ನಾಚಿಕೊಳ್ಳುತ್ತಲೇ ಹೇಳಿದ. ರಘುವೀರ ಅದುವರೆಗೆ ಬರೀ ಮದುವೆ ತೆಗೆದವನು. ಕುಬಸ ಹೆಂಗಸರ ಕಾರ್ಯ, ಅದಕ್ಕೆ ಕ್ಯಾಮೆರಾ ಕರೆಸಿದವರು ಆ ಕಡೆ ಇರಲಿಲ್ಲ. ಆಗಸ್ಟಿನಲ್ಲಿ ಚಿಂಚೋಳಿಯ ಕಾಡಿಗೆ ಹೋಗಿ ಜಲಪಾತವನ್ನು ತಾನೇ ಚಿತ್ರೀಕರಿಸಿಕೊಂಡು ಬಂದಿದ್ದ. ಅದನ್ನು ಎಲ್ಲಿ ಹಾಕಲಿ ಎಂದು ಕೈ ತುರಿಸುತ್ತಿತ್ತು.

ಆಡಕಿಗೆ ಹೋದ, ಅಂಗಳದ ಗೋಡೆಗೆ ಹಸಿರು ಪರದೆ ಕಟ್ಟಿದ. ತವರಿನವರು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಿಂದ ಕುಬಸದ ಬುಟ್ಟಿ ಹೊತ್ತು ಬಂದಿದ್ದರು. ಜಯಮಾಲಾಗೆ ಹಸಿರು ಸೀರೆ ಉಡಿಸಿದರು, ಹಸಿರು ಕುಪ್ಪಸ ತೊಡಿಸಿದರು, ಕೈತುಂಬ ಹಸಿರು ಬಳೆ ಇಡಿಸಿ ಉಡಿ ತುಂಬಿದರು. ಎಲ್ಲ ಹಸಿರಿಗೆ ಹಸಿರು ಕೂಡಿ ಎಷ್ಟು ಚಂದ ಕಾಣುತ್ತದೆ ಎಂದು ಒಬ್ಬ ಮುದುಕಿ ಹೊಗಳಿದಳು. ರಘುವೀರ ಹೌದು ಹೌದೆಂದು ತಲೆಯಾಡಿಸಿ, ಪರದೆಯ ಮುಂದೆ ಅದೇ ಹಸಿರು ಬಟ್ಟೆ ಹೊದಿಸಿದ ಕುರ್ಚಿ ಇಟ್ಟು ಜಯಮಾಲಾಳನ್ನು ಕೂರಿಸಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಳ್ಳಲು ಹೇಳಿ ಶೂಟ್ ಮಾಡಿಕೊಂಡು ಬಂದ. ಮೂರನೆಯ ದಿನ ಜಯಮಾಲಾಳನ್ನು ಹೆರಿಗೆಗೆ ತವರಿಗೆ ಕರೆದೊಯ್ದರು.

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಆ ತುಣುಕನ್ನು ಕಂಪ್ಯೂಟರಿಗೆ ಹಾಕಿದ. ಹಸಿರನ್ನು ಗುರುತು ಮಾಡಿದ, ಹಿಂದೆ ಜಲಪಾತ ಇಟ್ಟ. ಆ ಹಳೆಯ ಕಂಪ್ಯೂಟರು ಎರಡನ್ನೂ ಬೆಸೆದು ಹನ್ನೆರಡು ಸೆಕೆಂಡಿನ ಚಿತ್ರ ಬೇಯಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ಬೆಂದ ಮೇಲೆ ಅದು ತಾನಾಗಿಯೇ ರಸ್ತೆ ಕಡೆ ಮುಖ ಮಾಡಿದ್ದ ಟಿವಿಯಲ್ಲಿ ಮತ್ತೆ ಮತ್ತೆ ಆಡುವಂತೆ ಮಾಡಿಟ್ಟಿದ್ದ, ಗಿರಾಕಿಗಳನ್ನು ಸೆಳೆಯಲು. ಬೇಯುವತನಕ ಕೂರುವುದು ಇವನಿಂದ ಆಗುವ ಮಾತೇ? ಸ್ಟೇಷನ್ನಿಗೆ ಹೋಗಿ ಚಹಾ ಕುಡಿದ, ಗಾಡಿ ಬಂದದ್ದನ್ನು ನೋಡಿದ, ಹೋದದ್ದನ್ನೂ ನೋಡಿದ. ಎರಡು ಗಂಟೆ ಬಿಟ್ಟು ವಾಪಸು ಬಂದಾಗ ಅಂಗಡಿಯ ಮುಂದೆ ಏಳೆಂಟು ಜನ ಬಾಯಿ ತೆರೆದು ನಿಂತಿದ್ದರು.

ಟಿವಿಯಲ್ಲಿ ಜಲಪಾತ ಧುಮ್ಮಿಕ್ಕುತ್ತಿತ್ತು. ಅದರ ನಡುವೆ ಜಯಮಾಲಾಳ ಮುಖ, ಕೊರಳ ಸರ, ಮಣಿಕಟ್ಟಿನಿಂದ ಮುಂದಕ್ಕೆ ಎರಡು ಅಂಗೈ. ಬೇರೇನೂ ಇಲ್ಲ. ಸೀರೆ ಇಲ್ಲ, ಬಳೆ ಇಲ್ಲ, ಹೊಟ್ಟೆ ಇಲ್ಲ. ಹೊಟ್ಟೆ ಇರಬೇಕಾದಲ್ಲಿ ನೀರು ಬಿಳಿಯಾಗಿ ಸುರಿಯುತ್ತಿತ್ತು, ಆ ಎರಡು ಕೈಗಳು ಸುರಿಯುವ ನೀರನ್ನು ಹಿಡಿದುಕೊಳ್ಳಲು ನೋಡುತ್ತಿದ್ದವು. ಮೇಲೆ ಆಕೆಯ ಮುಖ ನಗುತ್ತಿತ್ತು.

ರಘುವೀರ ವೈರನ್ನೇ ಕಿತ್ತ. ಆದರೆ ನೋಡಿದವರಲ್ಲಿ ಆಡಕಿಯ ಮಡಿವಾಳಯ್ಯ ಇದ್ದ. ಮಡಿವಾಳಯ್ಯನ ಬಾಯಿಗೆ ಬಿದ್ದ ಮಾತು ಬಸ್ಸಿಗಿಂತ ಮೊದಲು ಊರು ಸೇರುತ್ತದೆ ಎಂಬುದು ಸೇಡಂ ತಾಲ್ಲೂಕಿಗೆಲ್ಲ ಗೊತ್ತಿದ್ದದ್ದೇ.

ಮನೆಯಲ್ಲಿ ಹೆಂಡತಿ ವಂದನಾಳ ಮುಂದೆ ಹೇಳಿಕೊಂಡ. ಆಕೆ ಪ್ರೈಮರಿ ಶಾಲೆಯ ಟೀಚರು, ಸಿಟ್ಟು ಬಂದರೂ ಮೆಲ್ಲಗೇ ಮಾತಾಡುವವಳು.

"ಕುಬಸಕ್ಕ ಹಸಿರು ಅಲ್ದ ಬ್ಯಾರೆ ಯಾವ ಬಣ್ಣ ಉಡಸ್ತಾರ್ರೀ? ನಿಮ್ಮ ಅಕ್ಕಗೂ ಹಸಿರೇ ಉಡಿಸಿದ್ರಲ್ಲ, ನೀವೇ ಆರತಿ ತಾಟು ಹಿಡಿದಿದ್ರಿ" ಎಂದಳು.

ಹುಟ್ಟಿದಾಗಿನಿಂದ ನೋಡಿದ ಬಣ್ಣ, ಕ್ಯಾಮೆರಾ ಹಿಡಿದಾಗ ಮಾತ್ರ ಮರೆತುಹೋಗಿತ್ತು. ಆ ರಾತ್ರಿ ಊಟಕ್ಕೆ ಕೂರದೆ ಅಂಗಳದಲ್ಲೇ ತಿರುಗಾಡಿದ.

ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆಯುವುದರೊಳಗೆ ಮೆಟ್ಟಿಲ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಐವತ್ತೈದರ ಮೇಲಿನ ವಯಸ್ಸು, ಇಳಕಲ್ ಸೀರೆ, ಬಿಸಿಲು ಕುಡಿದ ಮುಖ, ಮಡಿಲಲ್ಲಿ ರೊಟ್ಟಿಯ ಗಂಟು. ರಮೇಶಕುಮಾರನ ತಾಯಿ, ಜಯಮಾಲಾಳ ಅತ್ತೆ ಸಾಬಮ್ಮ. ಮಗನ ಕ್ವಾರ್ಟರ್ಸಿಗೆ ಹಿಂದಿನ ಸಂಜೆಯೇ ಬಂದಿದ್ದಳಂತೆ. ರಘುವೀರ ಕೈ ಮುಗಿದು ಎಷ್ಟು ಬೇಕೋ ಅಷ್ಟು ಬೈಸಿಕೊಳ್ಳಲು ಸಿದ್ಧನಾದ. ಆಕೆ ಬೈಯಲಿಲ್ಲ. ತೋರಿಸು ಎಂದಳು.

ಮೊದಲು ಬುದ್ಧಿವಂತಿಕೆಯಿಂದ, ಕತ್ತರಿಸದ ಮೂಲ ಟೇಪು ಹಾಕಿದ. ಹಸಿರು ಪರದೆಯ ಮುಂದೆ ಜಯಮಾಲಾ ಇಡಿಯಾಗಿ ಕುಳಿತಿದ್ದಳು. ಹೊಟ್ಟೆ ಎಲ್ಲಿಯೂ ಹೋಗಿಲ್ಲ, ಇದು ಬರೀ ಯಂತ್ರದ ಆಟ, ಬೇಕಾದರೆ ಹೀಗೇ ಕೊಡುತ್ತೇನೆ ಎಂದು ಗಡಬಡಿಸಿ ವಿವರಿಸಿದ. ಸಾಬಮ್ಮ ಪೂರಾ ಕೇಳಿದಳು.

"ತಮ್ಮಾ, ಮಂದಿ ನೋಡಿದ್ದು ಈ ಪರದಾ ಅಲ್ಲ. ಮಂದಿ ನೋಡಿದ್ದು ಆ ನೀರು. ಅದೇ ನೀರಿನ ಮುಂದ ನನ್ನ ಸೊಸಿ ತುಂಬಿದ ಹೊಟ್ಟಿಲೆ ಕುಂತದ್ದು ಅದೇ ಮಂದಿ ನೋಡಬೇಕು. ತಗದಾಂವ ನೀನು, ತುಂಬಿ ಕೊಡಾಂವನೂ ನೀನೇ."

ಇನ್ನೊಂದು ಮಾತನ್ನೂ ಹೇಳಿದಳು. ಮಡಿವಾಳಯ್ಯ ಮಗಳನ್ನು ಕೊಟ್ಟದ್ದು ಚಿಮ್ಮನಚೋಡಕ್ಕೇ. ಬುಧವಾರ ಅವನು ಅಲ್ಲಿಗೆ ಹೋಗುವವನಿದ್ದಾನೆ. ಎರಡು ಸಲ ಕಳೆದುಕೊಂಡವಳ ಕಿವಿಗೆ ಹೆರಿಗೆಯ ಹೊಸ್ತಿಲಲ್ಲಿ ಈ ಸುದ್ದಿ ಬಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಡಿವಾಳಯ್ಯನಿಗಿಂತ ಮೊದಲು ತುಂಬಿದ ಚಿತ್ರ ಅಲ್ಲಿಗೆ ಮುಟ್ಟಬೇಕಿತ್ತು.

ದಾರಿ ಒಂದೇ ಇತ್ತು, ಅದೂ ರಘುವೀರನಂಥವನಿಗೆ ಯಮಯಾತನೆಯ ದಾರಿ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಹನ್ನೆರಡು ಸೆಕೆಂಡಿಗೆ ಮುನ್ನೂರು. ಮುನ್ನೂರನ್ನೂ ಬಿಡಿಬಿಡಿಯಾಗಿ ಹೊರತೆಗೆದು, ಒಂದೊಂದರಲ್ಲೂ ಜಯಮಾಲಾಳ ಮೈಯ ಸುತ್ತ ಮೌಸಿನಿಂದ ಗೆರೆ ಎಳೆದು, ಕಂಪ್ಯೂಟರಿಗೆ 'ಈ ಗೆರೆಯ ಒಳಗಿನ ಹಸಿರನ್ನು ಮುಟ್ಟಬೇಡ' ಎಂದು ಹೇಳಬೇಕು. ಅಂದರೆ ಮುನ್ನೂರು ಸಲ ಅಂಚು. ಎಂಟು ವರ್ಷ ಖಾಜಾಮಿಯಾನಿಂದ ತಪ್ಪಿಸಿಕೊಂಡದ್ದೆಲ್ಲ ಒಟ್ಟಿಗೆ ಬಂದು ಎದುರಿಗೆ ಕುಳಿತಿತ್ತು. ಮಾಡಿದ್ದುಣ್ಣೋ ಮಹಾರಾಯ.

ಮೊದಲ ಚಿತ್ರದಲ್ಲೇ ಸಿಕ್ಕಿಬಿದ್ದ. ಹಸಿರು ಪರದೆ, ಹಸಿರು ಸೀರೆ. ಸೀರೆ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಎಂಬುದೇ ಅವನ ಕಣ್ಣಿಗೆ ತಿಳಿಯಲಿಲ್ಲ. ಗೆರೆ ಎಳೆದ, ಅಳಿಸಿದ, ಎದ್ದ, ಕೂತ, ಮತ್ತೆ ಎದ್ದ. ಹಿಂದೆ ಸ್ಟೂಲಿನ ಮೇಲಿದ್ದ ಸಾಬಮ್ಮ ಎದ್ದು ಬಂದು ಕಂಪ್ಯೂಟರಿನ ಗಾಜಿಗೆ ಬೆರಳು ತಾಗಿಸಿದಳು.

"ಇಲ್ಲಿ ಅದ ನೋಡು. ನಿನ್ನ ಪರದಾ ಹೆಸರುಕಾಳಿನ ಬೆಳಿ ಹಸರು, ಸೀರಿ ತೊಗರಿ ಎಲಿ ಹಸರು. ಎರಡು ಹೊಲ ಬಾಜೂ ಬಾಜೂಕ ಇದ್ರ ಬದು ಎಲ್ಲದ ಅಂತ ನನಗ ಗೊತ್ತಾಗಂಗಿಲ್ಲೇನು?"

ಆಕೆಯ ಬೆರಳು ಹೋದಲ್ಲಿ ಗೆರೆ ಎಳೆದ. ಕತ್ತರಿಸಿ ಜಲಪಾತದ ಮೇಲಿಟ್ಟರೆ ಹೆಗಲಿನಿಂದ ಮೊಣಕೈತನಕ ಸೀರೆ ಸರಿಯಾಗಿ ನಿಂತಿತ್ತು! ನಲವತ್ತು ವರ್ಷ ಹಸಿರಿನಲ್ಲೇ ಬಗ್ಗಿ ಕಳೆ ತೆಗೆದ ಕಣ್ಣಿಗೆ ಕಂಡದ್ದು, ಹತ್ತು ವರ್ಷ ಕ್ಯಾಮೆರಾ ಹಿಡಿದ ಕಣ್ಣಿಗೆ ಕಂಡಿರಲಿಲ್ಲ. ರಘುವೀರನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಚೂರು ಧೈರ್ಯವೂ ಬಂತು.

ಆದರೂ ಚಟ ಬಿಡಬೇಕಲ್ಲ. ಎರಡು ಚಿತ್ರಕ್ಕೊಮ್ಮೆ ಎದ್ದು ಬಾಗಿಲಿಗೆ ಹೋಗಿ, ರಸ್ತೆ ನೋಡಿ, ಬಂದು ಕೂರುವಷ್ಟರಲ್ಲಿ ಎಲ್ಲಿಗೆ ಬಂದಿದ್ದೆ ಎಂಬುದೇ ಮರೆತಿರುತ್ತಿತ್ತು. ನಾಲ್ಕೈದು ಸಲ ನೋಡಿದ ಸಾಬಮ್ಮ ತನ್ನ ಸ್ಟೂಲನ್ನು ಎತ್ತಿಕೊಂಡು ಹೋಗಿ ಬಾಗಿಲಿಗೆ ಅಡ್ಡವಾಗಿ ಇಟ್ಟು, ಕಾಲು ಚಾಚಿ ಕುಳಿತುಬಿಟ್ಟಳು. ಹಿರಿಯ ಹೆಂಗಸಿನ ಕಾಲು ದಾಟಿ ಹೋಗುವುದು ಹೇಗೆ? ಅಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ, ಅಲ್ಲ, ಇನ್ನೊಂದು ಬೊಟ್ಟು ಕೆಳಗೆ, ಅಲ್ಲಿ ಉಡಿಯ ಅಕ್ಕಿಯ ಗಂಟು ಇದೆ ಎಂದು ಹೇಳುತ್ತಿದ್ದಳು. ಕಾಣದಿದ್ದಾಗ ಎದ್ದು ಬಂದು ಬೆರಳಿಡುತ್ತಿದ್ದಳು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿ, ಆಚಾರ್ಯರ ಮಗ ತಿನ್ನುತ್ತಾನೋ ಇಲ್ಲವೋ ಎಂದು ಅನುಮಾನಿಸಿ, ಕೊನೆಗೆ ಒಂದು ರೊಟ್ಟಿ, ಮೇಲೆ ಶೇಂಗಾ ಹಿಂಡಿ ಚಟ್ನಿ ಇಟ್ಟು ಮುಂದೆ ಸರಿಸಿದಳು. ಅವನು ತಿಂದ. ಎದ್ದು ಹೋಗದೆ ತಿಂದ ಎಂಬುದು ಮುಖ್ಯ.

ಶುಕ್ರವಾರ ಮೂವತ್ತೊಂದು ಚಿತ್ರ ಆದವು. ಕರೆಂಟು ಹೋದಾಗ ಇಬ್ಬರೂ ಸುಮ್ಮನೆ ಕುಳಿತಿದ್ದರು, ಅವನ ಮೊಣಕಾಲು ಮಾತ್ರ ಮಷಿನ್ನಿನಂತೆ ಅಲುಗುತ್ತಿತ್ತು. ಶನಿವಾರ ಎಪ್ಪತ್ತನಾಲ್ಕು. ಅಂದು ಸಂಜೆ ಒಂದಷ್ಟನ್ನು ಜೋಡಿಸಿ ಓಡಿಸಿ ನೋಡಿದಾಗ ಮೈ ಎಲ್ಲ ಇತ್ತು, ಆದರೆ ಏನೋ ಸರಿಯಿರಲಿಲ್ಲ. ರಘುವೀರ ಅಂಚನ್ನು ಸ್ವಲ್ಪ ಮೆದು ಮಾಡಿದ, ಅಂಗಳದ ಹಳದಿ ಬೆಳಕನ್ನು ಮಳೆಗಾಲದ ಕಾಡಿನ ಬೂದು ಬೆಳಕಿಗೆ ಹೊಂದಿಸಿದ. ಆದರೂ ಚಿತ್ರ ಕೂಡುತ್ತಿರಲಿಲ್ಲ.

"ನೆರಳೆಲ್ಲದ? ನೆರಳು ಇಲ್ಲದಾಕಿ ಮನಷ್ಯಾಳಲ್ಲ" ಎಂದಳು ಸಾಬಮ್ಮ.

ಆಕೆಯ ಕೆಳಗೆ, ಜಲಪಾತದ ಮುಂದಿನ ಬಂಡೆಗಲ್ಲಿನ ಮೇಲೆ ಬೀಳುವಂತೆ ತೆಳ್ಳನೆಯ ನೆರಳು ಬಿಡಿಸಿದ. ಆಗ ಜಯಮಾಲಾ ನಿಜವಾಗಿಯೂ ಆ ಕಲ್ಲಿನ ಮೇಲೆ ಕುಳಿತಳು.

ಭಾನುವಾರ ಇವನ ಕಾಲು ಅಲುಗುವುದು ಯಾವಾಗ ನಿಂತಿತೋ ಅವನಿಗೇ ತಿಳಿಯಲಿಲ್ಲ. ಆದರೆ ಅಂದು ಸಾಬಮ್ಮನ ಚಡಪಡಿಕೆ ಶುರುವಾಗಿತ್ತು. ಸ್ಟೂಲು ಬಿಟ್ಟು ಏಳುವಳು, ಕೂರುವಳು, ಸೆರಗು ಹಿಂಡುವಳು. ಊಟದ ಹೊತ್ತಿಗೆ ಗಂಟು ಬಿಚ್ಚಿದವಳು ತಿನ್ನಲಿಲ್ಲ. ತೊಗರಿಗೆ ಹುಳ ಬೀಳುವ ಕಾಲ, ಕಾಶಪ್ಪ ಒಬ್ಬನೇ ಹೊಲದಲ್ಲಿದ್ದಾನೆ ಎಂಬ ಚಿಂತೆ ಇರಬೇಕು ಎಂದುಕೊಂಡ ರಘುವೀರ. ಕಾಶಪ್ಪ ಎಂದರೆ ಆಕೆಯ ಗಂಡ. ಮಗ ಹೋಗು ಎಂದರೂ, ಗಂಡ ಹೇಳಿಕಳಿಸಿದರೂ ಆಕೆ ಊರಿಗೆ ಹೋಗಿರಲಿಲ್ಲ. ನಾನು ಮುಗಿಸುತ್ತೇನೆ, ಬೇಕಾದರೆ ನೀವು ಹೊಲ ನೋಡಿಕೊಂಡು ಬನ್ನಿ ಎಂದು ಅವನೇ ಹೇಳಿದ. ಆಗ ಸಾಬಮ್ಮ ಕಂಪ್ಯೂಟರಿನಲ್ಲಿದ್ದ ಜಯಮಾಲಾಳನ್ನೇ ನೋಡುತ್ತ ಮಾತಾಡಿದಳು.

"ಎರಡನೇದು ಹೋಗಿ ಹದಿನೈದು ದಿನ ಆಗಿತ್ತು ತಮ್ಮಾ. ನಮ್ಮ ಮನ್ಯಾರು ಬಿತ್ತಾಕ ಹೊಂಟಿದ್ರು. ಈಕಿ ನಳಕ್ಕ ಹೊಂಟಾಕಿ ಎದುರಾದ್ಳು, ಕೈಯಾಗ ಖಾಲಿ ಕೊಡ. ನಾ ಅಂದೆ, ಖಾಲಿ ಕೊಡ, ಖಾಲಿ ಹೊಟ್ಟಿ, ಎರಡೂ ಕೂಡೇ ಎದುರಿಗಿ ಬಂದ್ವು ನೋಡು ಅಂತ. ನಾಕು ಮಂದಿ ಇದ್ರು. ಈಕಿ ಕೊಡ ಅಲ್ಲೇ ಇಟ್ಟು ಒಳಗ ಹೋದ್ಳು."

ಆಮೇಲೆ ಟಿವಿಯ ಕಡೆ ಕೈ ಮಾಡಿ, "ನಿನ್ನ ಟಿವಿ ಹೊಸಾ ಮಾತೇನೂ ಆಡಿಲ್ಲ. ಆಡಿದ್ದು ನಂದೇ ಮಾತು" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ವರ್ಷದಿಂದ ಸೊಸೆ ಆಕೆಯೊಡನೆ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲವಂತೆ. ಎದುರುತ್ತರ ಕೊಟ್ಟಿದ್ದರೆ ಜಗಳವಾದರೂ ಆಗಿ ಮುಗಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಎದ್ದು ಹೋಗುವುದು ರಘುವೀರನ ಪದ್ಧತಿ, ಆದರೆ ಬಾಗಿಲಲ್ಲಿ ಸಾಬಮ್ಮನ ಕಾಲುಗಳಿದ್ದವು. ಹಾಗಾಗಿ ಮುಂದಿನ ಚಿತ್ರ ತೆಗೆದು, ಇಲ್ಲಿ ಅಂಚು ಎಲ್ಲಿದೆ ಅಮ್ಮಾ ಎಂದು ಕೇಳಿದ. ಆಕೆ ಕಣ್ಣೊರೆಸಿಕೊಂಡು ಬಂದು ಬೆರಳಿಟ್ಟಳು. ಅಂದು ನೂರಾ ಎರಡು ಆದವು. ಉಳಿದ ತೊಂಬತ್ತಮೂರು ಸೋಮವಾರ ಸಂಜೆ ನಾಲ್ಕಕ್ಕೆ ಮುಗಿದವು.

ಟಿವಿಯನ್ನು ಮತ್ತೆ ರಸ್ತೆ ಕಡೆ ತಿರುಗಿಸಿದರು. ಅದೇ ಜಲಪಾತ, ಅದರ ಮುಂದೆ ಬಂಡೆಯ ಮೇಲೆ ಜಯಮಾಲಾ, ತೊಗರಿ ಎಲೆಯ ಹಸಿರು ಸೀರೆ, ತುಂಬು ಬಳೆ, ಎರಡೂ ಕೈ ಅಡ್ಡವಿಟ್ಟ ತುಂಬು ಹೊಟ್ಟೆ. ಜನ ಸೇರಿದರು. ಸಾಬಮ್ಮ ಮಗನನ್ನು ಕಳಿಸಿ, ಏನೋ ಕೆಲಸಕ್ಕೆ ವಾಡಿಗೆ ಬಂದಿದ್ದ ಮಡಿವಾಳಯ್ಯನನ್ನು ಬಸ್ ಸ್ಟ್ಯಾಂಡಿನಿಂದ ಹಿಡಿದು ತರಿಸಿ, ಬೆಂಚಿನ ಮೇಲೆ ಕೂರಿಸಿ ಹತ್ತು ಸಲ ತೋರಿಸಿದಳು. ಹತ್ತನೆಯ ಸಲಕ್ಕೆ ಅವನು, ಹೊಟ್ಟೆ ಇದೆ, ನನ್ನಾಣೆಗೂ ಇದೆ, ನನ್ನ ಬಸ್ಸು ಹೋಗುತ್ತದೆ ಬಿಡು ತಾಯಿ ಎಂದು ಅಂಗಲಾಚಿದ.

ಮಂಗಳವಾರ ಬೆಳಿಗ್ಗೆ ಸಿ.ಡಿ.ಯನ್ನೂ ಅದನ್ನು ಆಡಿಸುವ ಪೆಟ್ಟಿಗೆಯನ್ನೂ ಹೊತ್ತು ರಘುವೀರ ತಾನೇ ಹೊರಟ, ಸಾಬಮ್ಮ ಜೊತೆಗೆ. ಚಿತ್ತಾಪುರ, ಸೇಡಂ, ಚಿಂಚೋಳಿ, ಚಿಮ್ಮನಚೋಡ, ಅಷ್ಟು ದೂರವೂ ಬಾಗಿಲ ಕಂಬಿ ಹಿಡಿದು ನಿಂತೇ ಇದ್ದ. ಸುದ್ದಿ ಮೊದಲೇ ಮುಟ್ಟಿದ್ದರೆ? ಚಿತ್ರ ನೋಡಿ ಆ ಹೆಣ್ಣುಮಗಳು ಹೆದರಿದರೆ? ಸಾಬಮ್ಮ ಸೀಟಿನ ತುದಿಯಲ್ಲಿ ಕುಳಿತು, ಪ್ರತಿ ಊರು ಬಂದಾಗಲೂ ಇದೇ ಏನು ಎಂದು ಕೇಳುತ್ತಿದ್ದಳು, ಇಪ್ಪತ್ತು ಸಲ ಬಂದುಹೋದ ದಾರಿಯಾದರೂ.

ತವರುಮನೆಯಲ್ಲಿ ಜಯಮಾಲಾಳ ತಾಯಿ ಅಮೃತಮ್ಮ ಬೀಗಿತ್ತಿಗೆ ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದಳು. ಜಯಮಾಲಾ ಗೋಡೆಗೆ ಒರಗಿ ಕುಳಿತು ಚಿತ್ರ ನೋಡಿದಳು. ಒಂದು ಸಲ, ಎರಡು ಸಲ. ಮುಖದಲ್ಲಿ ಏನೂ ತೋರಲಿಲ್ಲ.

"ಶುಕ್ರವಾರನೇ ಫೋನ್ ಬಂದಿತ್ತು. ನನ್ನ ಹೊಟ್ಟಿ ಇಲ್ಲಂತ. ಇದು ಒಳಗ ಒದ್ದಾಡಾಕತ್ತಿತ್ತು. ಟಿವಿ ಮಾತು ನಂಬಲೋ, ಇದರ ಮಾತು ನಂಬಲೋ?" ಎಂದಳು. ಆಮೇಲೆ ಅತ್ತೆಯ ಕಡೆ ನೋಡದೆಯೇ, "ಯಾರು ಬಂದು ಏನಂತಾರ ಅಂತ ದಾರಿ ನೋಡ್ಲಿಕತ್ತಿದ್ದೆ, ಅಷ್ಟೇ" ಎಂದಳು.

ಸಾಬಮ್ಮ ಬಾಗಿಲ ಹತ್ತಿರ ನಿಂತಿದ್ದವಳು ತುಟಿ ಬಿಚ್ಚಲಿಲ್ಲ. ನಾಲ್ಕು ದಿನ ಅಷ್ಟು ಮಾತಾಡಿದ ಬಾಯಿ ಅದೇ ಹೌದೋ ಅಲ್ಲವೋ ಎನ್ನಿಸಿತು ರಘುವೀರನಿಗೆ. ಕೊನೆಗೆ ಅವನೇ ಬಾಯಿ ಹಾಕಿದ. ತಪ್ಪೆಲ್ಲ ತನ್ನದು ಎಂದ. ಮುನ್ನೂರು ಚಿತ್ರ ಎಂದ, ಹಸಿರಿನ ಮುಂದೆ ಹಸಿರು ತನಗೆ ಕಾಣಲಿಲ್ಲ ಎಂದ, ಮುನ್ನೂರರಲ್ಲೂ ನಿಮ್ಮ ಅತ್ತೆಯವರೇ ಬೆರಳಿಟ್ಟು ತೋರಿಸಿದರು, ತೊಗರಿ ಬಿಟ್ಟು ನಾಲ್ಕು ದಿನ ನನ್ನ ಬಾಗಿಲಲ್ಲಿ ಕೂತಿದ್ದರು ಎಂದ. ಕೊಡದ ಮಾತನ್ನು ಮಾತ್ರ ಎತ್ತಲಿಲ್ಲ; ಅದು ತನ್ನದಲ್ಲ ಎಂಬಷ್ಟು ತಿಳಿವಳಿಕೆ ಅವನಿಗಿತ್ತು.

ಜಯಮಾಲಾ ಎಲ್ಲ ಕೇಳಿ, ಗೋಡೆ ಹಿಡಿದು ಮೆಲ್ಲಗೆ ಎದ್ದು ಒಳಗೆ ಹೋದಳು.

ಸಾಬಮ್ಮನಿಗೆ ಅಷ್ಟು ಸಾಕಾಯಿತು. ಬಸ್ಸಿನ ಹೊತ್ತಾಯಿತು ಎಂದಳು. ಅಮೃತಮ್ಮ ಊಟಕ್ಕೆ ಎಷ್ಟು ಒತ್ತಾಯ ಮಾಡಿದರೂ ಒಪ್ಪದೆ ಚಪ್ಪಲಿ ಮೆಟ್ಟಿದಳು. ರಘುವೀರ ಪೆಟ್ಟಿಗೆ ಎತ್ತಿಕೊಂಡ. ಇಬ್ಬರೂ ಅಂಗಳಕ್ಕೆ ಇಳಿದರು. ಆಗ ಹಿತ್ತಲ ಕಡೆಯಿಂದ ಸುತ್ತಿಕೊಂಡು ಬಂದು, ಜಯಮಾಲಾ ಎದುರಿಗೆ ನಿಂತಳು. ಕೈಯಲ್ಲಿ ಸಣ್ಣ ಹಿತ್ತಾಳೆ ಕೊಡ, ಕಂಠದತನಕ ನೀರು. ಒಂಬತ್ತು ತಿಂಗಳ ಬಸುರಿ ಭಾರ ಎತ್ತುತ್ತಾಳೇನು ಎಂದು ತಾಯಿ ಬಾಗಿಲಿಂದ ಗದರುತ್ತಿದ್ದಳು. ಜಯಮಾಲಾ ಅಲುಗಲಿಲ್ಲ. ತುಳುಕಿದ ನೀರು ಆಕೆಯ ಪಾದದ ಮೇಲೆ ಬೀಳುತ್ತಿತ್ತು.

"ಎದುರಿಗಿ ತುಂಬಿದ ಕೊಡ ಬಂದದ ಅತ್ತೀ. ಇನ್ ಹೋಗಿ ಬರ್ರಿ" ಎಂದಳು.

ಎರಡು ವರ್ಷದಲ್ಲಿ ಸೊಸೆ ಅತ್ತೆಯ ಮುಖ ನೋಡಿ ಆಡಿದ ಮೊದಲ ಪೂರ್ತಿ ಮಾತು. ಸಾಬಮ್ಮ ನಿಂತಲ್ಲೇ ಬಿಕ್ಕಿದಳು. ಆಮೇಲೆ ಚಪ್ಪಲಿ ಬಿಟ್ಟಳು, ಮುಂದೆ ಹೋಗಿ ಸೊಸೆಯ ಕೈಯಿಂದ ಕೊಡ ಇಸಿದುಕೊಂಡಳು, ಅದನ್ನು ಸೊಂಟಕ್ಕೇರಿಸಿ ಬೀಗರ ಮನೆಯೊಳಕ್ಕೆ ತಾನೇ ಹೊತ್ತು ನಡೆದಳು. ಬೀಗರ ಮನೆಯಲ್ಲಿ ಎರಡು ರಾತ್ರಿ ಉಳಿಯುವುದು ಅವರ ಕಡೆ ಮರ್ಯಾದೆಯಲ್ಲ. ಆಕೆ ಹದಿಮೂರು ರಾತ್ರಿ ಉಳಿದಳು. ಹದಿಮೂರನೆಯ ದಿನ ಮೊಮ್ಮಗಳನ್ನು ಮೊದಲು ಎತ್ತಿಕೊಂಡದ್ದೂ ಆಕೆಯೇ.

ರಘುವೀರ ವಾಡಿಗೆ ಮರಳಿದ ಮರುದಿನವೇ ಹಸಿರು ಪರದೆ ತೆಗೆದು ನೀಲಿ ಕಟ್ಟಿದ. ಅದಕ್ಕೆ ಮೊದಲು, ಆ ಮಂಗಳವಾರ, ಅವನು ಚಿಮ್ಮನಚೋಡದಿಂದ ಒಬ್ಬನೇ ಬಸ್ಸು ಹತ್ತಿದ. ಇವನನ್ನು ಅರಿಯದ ಆ ಕಡೆಯ ಕಂಡಕ್ಟರು ಖಾಲಿ ಸೀಟು ತೋರಿಸಿದ. ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕುಳಿತ, ವಾಡಿ ಬರುವತನಕ ಏಳಲಿಲ್ಲ.